ಗುತ್ತೇದಾರನನ್ನು ಬಿಡಿಸಿದರೆ ಮುಂಗಡ ಮುಳುಗಿದಂತಲ್ಲ

‘ಅಡ್ವಾನ್ಸ್ ಕೊಟ್ಟುಬಿಟ್ಟೀವ್ರಿ, ಈಗ ಬ್ಯಾಡ ಅಂದ್ರ ರೊಕ್ಕ ಹೋದಂಗ.’ ಕಲಬುರಗಿಯ ಗ್ರಾಹಕ ಆಯೋಗದಲ್ಲಿ ಪ್ರಕರಣ ನಡೆಸುವ ನಾನು ಕಕ್ಷಿದಾರರ ಬಾಯಲ್ಲಿ ಪದೇ ಪದೇ ಕೇಳುವ ಮಾತಿದು. ಮನೆ ಕಟ್ಟುವ ಗುತ್ತೇದಾರ ಪಾಯ ಹಾಕಿ ಕಾಣೆಯಾಗಿರುತ್ತಾನೆ. ಇಂಟೀರಿಯರ್‌ನವನು ಒಪ್ಪಿದ ಪ್ಲೈವುಡ್ ಬಿಟ್ಟು ಅಗ್ಗದ್ದು ಜಡಿದಿರುತ್ತಾನೆ. ಮದುವೆಗೆ ಗೊತ್ತುಮಾಡಿದ ಫೋಟೊಗ್ರಾಫರ್ ಅದೇ ದಿನ ಆಳಂದದಲ್ಲಿ ಇನ್ನೊಂದು ಆರ್ಡರ್ ಹಿಡಿದಿರುತ್ತಾನೆ. ಆದರೂ ಜನ ಅವನ ಫೋನಿಗೇ ಕಾಯುತ್ತಾರೆ. ರಸೀದಿಯ ಕೆಳಗೆ ‘ಮುಂಗಡ ಯಾವ ಕಾರಣಕ್ಕೂ ವಾಪಸ್ ಇಲ್ಲ’ ಎಂದು ಅಚ್ಚಾಗಿರುತ್ತದಲ್ಲ, ಆ ಒಂದು ಸಾಲಿನ ಹೆದರಿಕೆ. ಅದನ್ನು ಸರ್ಕಾರದ ಕಾನೂನೆಂದು ನಂಬಿ ಸುಮ್ಮನಾದವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದು ಪ್ರಿಂಟಿಂಗ್ ಪ್ರೆಸ್ಸಿನ ಸಾಲು, ಕಾನೂನಲ್ಲ.

ಕೆಲಸ ಬಿಡಿಸಲು ಕಾರಣ ಅವರ ಲೋಪವೋ, ನಿಮ್ಮ ಮನಸ್ಸು ಬದಲಾದದ್ದೋ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಲೋಪ ಅವರದಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿಮ್ಮ ಬೆನ್ನಿಗಿದೆ. ಕೆಟ್ಟ ಸೇವೆಗೆ ಪಡೆದ ಹಣವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ಮರಳಿಸಲು ಒಪ್ಪದಿರುವುದು ಆ ಕಾಯ್ದೆಯಂತೆ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಹಾಗೆಯೇ.

ಮನಸ್ಸು ಬದಲಾದದ್ದು ನಿಮ್ಮದಾದರೆ, ಎದುರಿನವರಿಗಾದ ನಷ್ಟವನ್ನು ನೀವು ತುಂಬಿಕೊಡಬೇಕು. ಇದನ್ನು ನನ್ನ ಕಕ್ಷಿದಾರರಿಗೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಆದರೆ 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಪತ್ರದಲ್ಲಿ ದಂಡ ಎಷ್ಟೇ ಬರೆದಿರಲಿ, ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಮೇಲ್ಮಿತಿ, ಅಷ್ಟೆ. ನಷ್ಟವೇ ಆಗದಿದ್ದರೆ ಈ ಕಲಮಿನಡಿ ಪರಿಹಾರವಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಕೈಲಾಶ್ ನಾಥ್ ಪ್ರಕರಣದಲ್ಲಿ ಹೇಳಿದೆ. ಮದುವೆ ಮುಂದೆ ಹೋಯಿತು, ಫೋಟೊಗ್ರಾಫರ್‌ಗೆ ಅದೇ ದಿನಕ್ಕೆ, ಅದೇ ದರಕ್ಕೆ ಬೇರೆ ಮದುವೆ ಸಿಕ್ಕಿತು ಎಂದಾದರೆ ಅವನು ಕಳೆದುಕೊಂಡದ್ದಾದರೂ ಏನು? ಕರಾರಿನ ಖಾತರಿಗೆಂದೇ ಕೊಟ್ಟ ಇಸಾರದ ಹಣವನ್ನು ಮಾತ್ರ ನ್ಯಾಯಾಲಯಗಳು ಬೇರೆ ಕಣ್ಣಿನಿಂದ ನೋಡುವುದುಂಟು. ಹಾಗಾಗಿ ಹಣವನ್ನು ಯಾವುದರ ಬಾಬ್ತಿಗೆ ಪಡೆದೆವೆಂದು ರಸೀದಿಯಲ್ಲಿ ಬರೆದಿದ್ದಾರೆ ನೋಡಿಕೊಳ್ಳಿ.

ಹೆಚ್ಚು ಜಗಳ ಏಳುವುದು ಮನೆ ಕಟ್ಟುವ ಕೆಲಸದಲ್ಲಿ, ಹೆಚ್ಚು ಕೇಸು ಬಿದ್ದುಹೋಗುವುದೂ ಅಲ್ಲೇ. ಹಳೆಯ ಗುತ್ತೇದಾರನ ಮೇಲಿನ ಸಿಟ್ಟಿಗೆ ಮರುದಿನವೇ ಹೊಸಬನನ್ನು ಕರೆತಂದು ಕೆಲಸ ಹಚ್ಚುತ್ತಾರೆ. ಸ್ಲ್ಯಾಬ್ ಮುಗಿದು ಶಹಾಬಾದ್ ಪರಸಿ ಹಾಸಿದ ಮೇಲೆ, ಮೊದಲಿನವನು ಎಷ್ಟು ಕಟ್ಟಿದ್ದ, ಎಲ್ಲಿ ಕೆಡಿಸಿದ್ದ ಎಂದು ಯಾರು ಹೇಳಬೇಕು? ಹೊಸ ಕೈ ತಾಗುವ ಮೊದಲು ಒಬ್ಬ ಅರ್ಹ ಸಿವಿಲ್ ಎಂಜಿನಿಯರ್‌ನಿಂದ ಅಳತೆ ಮಾಡಿಸಿ, ವರದಿಯನ್ನು ಸಹಿಯೊಂದಿಗೆ ಪಡೆಯಿರಿ. ಅಳತೆಯ ದಿನ ಹಾಜರಿರುವಂತೆ ಗುತ್ತೇದಾರನಿಗೆ ಪತ್ರ ಬರೆಯಿರಿ. ಅವನು ಬರದಿದ್ದರೂ ನಿಮ್ಮ ಪತ್ರ ಉಳಿಯುತ್ತದೆ. ಪಿಲ್ಲರ್, ಗೋಡೆಯ ಬಿರುಕು, ಬಿದ್ದಿರುವ ಕಬ್ಬಿಣ, ಎಲ್ಲದರ ಫೋಟೊ ಇರಲಿ. ಅವನ ಸೆಂಟ್ರಿಂಗ್ ಹಲಗೆಗಳನ್ನು ಒತ್ತೆ ಇಟ್ಟುಕೊಳ್ಳಬೇಡಿ, ಸಹಿ ಪಡೆದು ಕೊಟ್ಟುಬಿಡಿ. ಇಲ್ಲವಾದರೆ ಅವನೇ ನಿಮ್ಮ ಮೇಲೆ ದೂರು ಒಯ್ಯುತ್ತಾನೆ.

ಬಿಡಿಸುವ ಮಾತು ಫೋನಿನಲ್ಲಿ ಮುಗಿಯಬಾರದು. ಯಾವ ತಾರೀಖಿನಿಂದ ಕೆಲಸ ನಿಲ್ಲಿಸಬೇಕು, ಏಕೆ, ಕೊಟ್ಟದ್ದೆಷ್ಟು, ಆದ ಕೆಲಸದ ಬೆಲೆಯೆಷ್ಟು, ಮರಳಬೇಕಾದ್ದೆಷ್ಟು ಎಂದು ಒಂದೇ ಪುಟದಲ್ಲಿ ಬರೆದು ಸ್ಪೀಡ್ ಪೋಸ್ಟ್ ಮಾಡಿ. ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸಬೇಡಿ.

ನನ್ನ ವೃತ್ತಿಯವರನ್ನು ಬದಲಿಸುವ ದಾರಿ ಬೇರೆ. ವಕೀಲರ ಸೇವೆ ಗ್ರಾಹಕ ಕಾಯ್ದೆಯಡಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ತೀರ್ಪಿತ್ತಿದೆ. ಹಾಗೆಂದು ನೀವು ಒಬ್ಬ ವಕೀಲರಿಗೇ ಕಟ್ಟುಬಿದ್ದವರಲ್ಲ. ಸಿವಿಲ್ ದಾವೆಯಲ್ಲಿ ನಿಮ್ಮ ಸಹಿಯುಳ್ಳ ಬರಹ ಸಲ್ಲಿಸಿ, ನ್ಯಾಯಾಲಯದ ಅನುಮತಿ ಪಡೆದು ವಕಾಲತ್ತು ಮುಗಿಸಬಹುದು. ಫೀ ಬಾಕಿಯಿದೆ ಎಂದು ಫೈಲ್ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ. ಇದೂ ಸುಪ್ರೀಂ ಕೋರ್ಟಿನ ಮಾತೇ, 2000ನೇ ಇಸವಿಯದು. ಬಾಕಿ ವಸೂಲಿಗೆ ಅವರಿಗೆ ಬೇರೆ ಕಾನೂನು ದಾರಿಯಿದೆ. ಫೈಲ್ ಕೊಡದಿದ್ದರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಿ. ಸಹೋದ್ಯೋಗಿಗಳು ಬೇಸರಪಟ್ಟರೂ ಇದನ್ನು ಹೇಳಲೇಬೇಕು, ಜಮೀನಿನ ಪಹಣಿ, ಹಳೆಯ ಖರೀದಿ ಪತ್ರಗಳು ಆ ಫೈಲಿನಲ್ಲೇ ಇರುತ್ತವೆ.

ಉಳಿದವರ ವಿಷಯಕ್ಕೆ ಬಂದರೆ, ಮೊದಲು 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ನೋಡಿ. ಬಗೆಹರಿಯದಿದ್ದರೆ ಜಿಲ್ಲಾ ಆಯೋಗಕ್ಕೆ ಬನ್ನಿ. ನೀವು ಕೊಟ್ಟ ಹಣ 50 ಲಕ್ಷ ಮೀರದಿದ್ದರೆ ದೂರು ಅಲ್ಲಿ ನಡೆಯುತ್ತದೆ, 5 ಲಕ್ಷದವರೆಗೆ ಶುಲ್ಕವಿಲ್ಲ. ವಕೀಲರೇ ಬೇಕೆಂದೇನಿಲ್ಲ, ನಿಮ್ಮ ಮಾತು ನೀವೇ ಹೇಳಬಹುದು. ಕರಾರಿನ ಷರತ್ತುಗಳೇ ಅನ್ಯಾಯದವು ಎಂದು ಪ್ರಶ್ನಿಸುವ ದೂರು ಮಾತ್ರ ರಾಜ್ಯ ಆಯೋಗಕ್ಕೆ ಹೋಗಬೇಕು. ನಮ್ಮ ಗಡಿ ಭಾಗದವರು ಸೋಲಾಪುರ, ಹೈದರಾಬಾದಿನವರಿಗೆ ಕೆಲಸ ಒಪ್ಪಿಸುವುದು ಹೆಚ್ಚು. ಅವರ ಮೇಲೆ ದೂರು ಕೊಡಲು ಅಲ್ಲಿಗೆ ಹೋಗಬೇಕಿಲ್ಲ. 2019ರ ಕಾಯ್ದೆ ಗ್ರಾಹಕರು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಲು ಬಿಟ್ಟಿದೆ, ಬೀದರಿನವರು ಬೀದರಿನಲ್ಲಿ, ಯಾದಗಿರಿಯವರು ಯಾದಗಿರಿಯಲ್ಲಿ. ದೂರಿನ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕು. ‘ಮುಂದಿನ ತಿಂಗಳು ಕೊಡ್ತೀನ್ರಿ’ ಎಂಬ ಬಾಯಿಮಾತು ನಂಬಿ ಆ ಅವಧಿ ಕಳೆದುಕೊಳ್ಳಬೇಡಿ.