ರಜೆಯಿಂದ ಬಂದ ಹುಡುಗರಿಗೆ ಮೊದಲ ವಾರವೇ ದಂಡನೆ ಬೇಡ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಸೋತು ಸುಣ್ಣವಾದ ತಂಡಕ್ಕೆ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ಹೊಸ ಹೆಡ್ ಕೋಚ್ ಬರುತ್ತಾರೆ. ಜನವರಿಯಲ್ಲಿ ಹುಡುಗರು ರಜೆ ಮುಗಿಸಿ ಬರುತ್ತಾರೆ. ಬಂದ ವಾರವೇ ನಸುಕಿನಲ್ಲಿ ಜಿಮ್ಮಿಗೆ ಕರೆಸಿ, ಯಾರಾದರೂ ವಾಂತಿ ಮಾಡಿಕೊಳ್ಳುವವರೆಗೂ ಬಸ್ಕಿ, ಓಟ. ಕೇಳಿದರೆ ‘ಇಲ್ಲಿನ ಕಲ್ಚರ್ ಬದಲಾಯಿಸುತ್ತಿದ್ದೇವೆ’ ಎಂಬ ಉತ್ತರ. ದೇಣಿಗೆ ಕೊಡುವ ಹಳೆಯ ವಿದ್ಯಾರ್ಥಿಗಳಿಗೂ ಇದನ್ನು ನೋಡಿದರೆ ಸಮಾಧಾನ. ಆಟಗಾರರ ಗಾಯ, ಆರೋಗ್ಯ ನೋಡಿಕೊಳ್ಳುವ ಅಥ್ಲೆಟಿಕ್ ಟ್ರೈನರ್ ಕೆಲಸದಲ್ಲಿರುವ ನನಗೆ ಪಂದ್ಯದ ದಿನಕ್ಕಿಂತ ಈ ಜನವರಿಯದ್ದೇ ಹೆಚ್ಚು ಭಯ.

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ವಿಷಯ ಇದು, ಹಾಗಾಗಿ ನಿಧಾನವಾಗಿಯೇ ಹೇಳುತ್ತೇನೆ. ಎರಡು ಮೂರು ವಾರ ಬಿಡುವು ಕೊಟ್ಟ ಸ್ನಾಯುವಿನ ಮೇಲೆ ಒಮ್ಮೆಲೇ ವಿಪರೀತ ಭಾರ ಬಿದ್ದರೆ ಅದರ ಜೀವಕೋಶಗಳು ಒಡೆಯುತ್ತವೆ. ಒಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಇದಕ್ಕೆ ರ‍್ಯಾಬ್ಡೋಮಯೋಲಿಸಿಸ್ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ‘ರ‍್ಯಾಬ್ಡೊ’. ಇದು ಸೋಮಾರಿಗಳಿಗೆ ಬರುವುದು ಕಡಿಮೆ, ಅವರು ಸುಸ್ತಾದಾಗ ನಿಲ್ಲಿಸಿಬಿಡುತ್ತಾರೆ. ಹೊಸ ಕೋಚ್ ಕಣ್ಣಿಗೆ ಬೀಳಬೇಕು ಅಂತ ಹಲ್ಲುಕಚ್ಚಿ ಮುಂದುವರಿಸುವವನೇ ಆಸ್ಪತ್ರೆ ಸೇರುತ್ತಾನೆ. 2011ರ ಜನವರಿಯಲ್ಲಿ ಅಯೋವಾ ವಿಶ್ವವಿದ್ಯಾಲಯದಲ್ಲಿ ರಜೆ ಮುಗಿಸಿ ಬಂದ ಹುಡುಗರಿಗೆ ಭಾರ ಹೊತ್ತು 100 ಬಸ್ಕಿ ಹೊಡೆಸಿದರು. 13 ಮಂದಿ ಆಸ್ಪತ್ರೆಗೆ ದಾಖಲಾದರು. ಹೀಗಾದವರೆಲ್ಲ ಗಟ್ಟಿಮುಟ್ಟಾದ ಆಟಗಾರರು.

ನಾನು ಕೆಲಸ ಮಾಡಿದ ಒಂದು ತಂಡದಲ್ಲಿ ಒಬ್ಬ ಹುಡುಗನಿದ್ದ. ಲೈನ್‌ಮನ್, ಅಂದರೆ ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಯನ್ನು ತಳ್ಳಿ ತಡೆಯುವ ಆಟಗಾರ, ಬಾಗಿಲು ತುಂಬುವಂಥ ಆಳು. ಇಂಥದ್ದೇ ಕಸರತ್ತು ಮುಗಿದು ಎರಡು ದಿನವಾದರೂ ಅವನ ಮೊಣಕೈ ನೆಟ್ಟಗಾಗುತ್ತಿರಲಿಲ್ಲ. ನೀರಿನ ಬಾಟಲಿಯನ್ನು ಬಾಯಿಗೆ ಎತ್ತಲಾಗದೆ, ಮೇಜಿನ ಮೇಲಿಟ್ಟು ತಲೆ ಬಗ್ಗಿಸಿ ಕುಡಿಯುತ್ತಿದ್ದ. ಕೇಳಿದರೆ ‘ಸುಮ್ನೆ ಮೈಕೈ ನೋವು’ ಅಂದ. ಮೂತ್ರ ಯಾವ ಬಣ್ಣ ಅಂತ ಕೇಳಿದ್ದಕ್ಕೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, ‘ಕೋಕ್ ಥರ’ ಅಂದ. ಬಾಗಿಲಾಚೆ ಕೋಚ್ ಇದ್ದಾರೇನೋ ಎಂಬ ಹೆದರಿಕೆ. ಆಸ್ಪತ್ರೆಯಲ್ಲಿ ದಿನಗಟ್ಟಲೆ ಸಲೈನ್ ಹಾಕಿದರು, ಉಳಿದುಕೊಂಡ. ತಂಡದ ಕಲ್ಚರ್ ಹೇಗಿದೆ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಅವನು ಬಾಗಿಲ ಕಡೆ ತಿರುಗಿಸಿದ ಆ ಕತ್ತು. ನೋವನ್ನು ಮುಚ್ಚಿಡುವ ತಂಡ ನವೆಂಬರ್ ಹೊತ್ತಿಗೆ ಅರ್ಧ ಆಟಗಾರರನ್ನು ಬೆಂಚಿನ ಮೇಲೆ ಕೂರಿಸಿಕೊಂಡಿರುತ್ತದೆ. ಅಂಥ ತಂಡ ಗೆಲ್ಲುವುದನ್ನು ನಾನು ಕಂಡದ್ದು ಕಡಿಮೆ.

ದಂಡಿಸಿದರೇ ತಂಡ ಗಟ್ಟಿಯಾಗುತ್ತದೆ ಎಂಬ ಈ ಮೂಢನಂಬಿಕೆಗೊಂದು ಪುರಾಣವೂ ಇದೆ. 1954ರಲ್ಲಿ ಟೆಕ್ಸಸ್ ಎ ಅಂಡ್ ಎಂ ತಂಡದ ಹೊಸ ಕೋಚ್ ಬೇರ್ ಬ್ರಯಂಟ್ ಹುಡುಗರನ್ನು ಜಂಕ್ಷನ್ ಎಂಬ ಊರಿಗೆ ಕರೆದೊಯ್ದು, ಸುಡುಬಿಸಿಲಲ್ಲಿ, ನೀರು ಕುಡಿಯಲೂ ಬಿಡದೆ 10 ದಿನ ಅರೆದರು. ಬಹಳಷ್ಟು ಹುಡುಗರು ಬಿಟ್ಟು ಓಡಿಹೋದರು. ತಂಡ 1956ರಲ್ಲಿ ಒಂದೂ ಸೋಲಿಲ್ಲದೆ ಋತು ಮುಗಿಸಿತು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಆ ಶಿಬಿರ ಮುಗಿಸಿ ಬಂದ ವರ್ಷ ತಂಡ ಗೆದ್ದದ್ದು ಒಂದೇ ಪಂದ್ಯ, ಸೋತದ್ದು ಒಂಬತ್ತು. ಇದನ್ನು ಮಾತ್ರ ಯಾರೂ ಹೇಳುವುದಿಲ್ಲ.

2016ರಲ್ಲಿ 4 ಗೆದ್ದು 8 ಸೋತ ಆರೆಗನ್ ತಂಡಕ್ಕೆ ಹೊಸ ಕೋಚ್ ಬಂದರು. ಮರುತಿಂಗಳೇ, ಕಠಿಣ ಕಸರತ್ತಿನ ನಂತರ, ಮೂವರು ಆಟಗಾರರು ಆಸ್ಪತ್ರೆಯಲ್ಲಿದ್ದರು. ಮೇರಿಲ್ಯಾಂಡ್‌ನದ್ದು ಬರೆಯಲೂ ಕಷ್ಟ. 2018ರ ಮೇ 29ರ ಅಭ್ಯಾಸದಲ್ಲಿ ಓಡುತ್ತಾ ಕುಸಿದ 19ರ ಜೋರ್ಡನ್ ಮೆಕ್‌ನೇರ್ ಬಿಸಿಲಾಘಾತದಿಂದ ಎರಡು ವಾರಗಳಲ್ಲಿ ತೀರಿಕೊಂಡ. ಅವನನ್ನು ತಕ್ಷಣ ಐಸ್ ನೀರಿನ ತೊಟ್ಟಿಗೆ ಇಳಿಸಬೇಕಿತ್ತು, ಇಳಿಸಲಿಲ್ಲ.

ಹಾಗಾದರೆ ತಂಡ ಕಟ್ಟುವುದು ಹೇಗೆ? ಕ್ಯಾನ್ಸಸ್ ಸ್ಟೇಟ್ ನೋಡಿ. ಕೋಚ್ ಆಗಿ ಬಿಲ್ ಸ್ನೈಡರ್ ಬಂದಾಗ ಆ ತಂಡ ಸತತ 27 ಪಂದ್ಯಗಳಲ್ಲಿ ಗೆಲುವನ್ನೇ ಕಂಡಿರಲಿಲ್ಲ. 1989ರ ಅವರ ಮೊದಲ ಋತುವಿನಲ್ಲೂ ಗೆದ್ದದ್ದು ಒಂದೇ. ಮರುವರ್ಷ 5, ಆಮೇಲೆ 7, ನಂತರ ಮತ್ತೆ 5ಕ್ಕೆ ಇಳಿಯಿತು. 1993ರಲ್ಲಿ 9. ಸ್ನೈಡರ್ ಮೃದು ಮನುಷ್ಯರೇನಲ್ಲ, ಕೆಲಸದಲ್ಲಿ ಭಾರೀ ಕಟ್ಟುನಿಟ್ಟು. ಆದರೆ ಅವರು ಹುಡುಗರಿಂದ ಕೇಳುತ್ತಿದ್ದದ್ದು ದಿನಕ್ಕಿಷ್ಟು ಸುಧಾರಣೆ. 7ರಿಂದ 5ಕ್ಕೆ ಇಳಿದ ಆ ವರ್ಷ ಆಡಳಿತದವರು ಅವರನ್ನು ಮನೆಗೆ ಕಳಿಸಲಿಲ್ಲ ಎಂಬುದೂ ಅಷ್ಟೇ ಮುಖ್ಯ. ಈಗಿನ ಟ್ರಾನ್ಸ್‌ಫರ್ ಪೋರ್ಟಲ್ (ಆಟಗಾರರು ಸುಲಭವಾಗಿ ಕಾಲೇಜು ಬದಲಿಸುವ ವ್ಯವಸ್ಥೆ) ಕಾಲದಲ್ಲಿ ಇಂಡಿಯಾನಾದಂತೆ ಒಂದೇ ವರ್ಷದಲ್ಲಿ 3 ಗೆಲುವಿನಿಂದ 11ಕ್ಕೆ ಜಿಗಿದವರೂ ಇದ್ದಾರೆ, ಒಪ್ಪುತ್ತೇನೆ. ಅಲ್ಲಿನ ಕೋಚ್ ಕರ್ಟ್ ಸಿಗ್ನೆಟ್ಟಿ ತಮ್ಮ ಪದ್ಧತಿ ಗೊತ್ತಿದ್ದ ಹತ್ತಾರು ಹುಡುಗರನ್ನು ಹಳೆಯ ಕಾಲೇಜಿನಿಂದ ಜೊತೆಗೇ ಕರೆತಂದಿದ್ದರು. ಹಾಗೆ ಎಲ್ಲರಿಗೂ ಆಗದು.

ಕಠಿಣ ಅಭ್ಯಾಸವೇ ಬೇಡವೆಂದು ನಾನು ಹೇಳುತ್ತಿಲ್ಲ. ಸ್ಟ್ರೆಂತ್ ಕೋಚ್‌ಗಳ ಸಂಘಗಳೇ 2019ರಲ್ಲಿ ಒಂದು ಸೂತ್ರ ಕೊಟ್ಟಿವೆ. ಹೊಸ ಆಟಗಾರನಿಗೆ ಮೊದಲ ವಾರ ಪೂರ್ಣ ಪ್ರಮಾಣಕ್ಕಿಂತ 50% ಕಡಿಮೆ, ಎರಡನೇ ವಾರ 30%, ಆಮೇಲೆ 20%, 10%. ಬಿಡುವಿನಿಂದ ಮರಳಿದ ಹಳಬರಿಗೆ ಮೊದಲ ಎರಡು ವಾರದ್ದಾದರೂ ಪಾಲಿಸಬೇಕು. ಒಬ್ಬೊಬ್ಬರ ಮೈ ಒಂದೊಂದು ಥರ, ಸಿಕಲ್ ಸೆಲ್ ಅಂಶ (ಕೆಂಪು ರಕ್ತಕಣಕ್ಕೆ ಸಂಬಂಧಿಸಿದ, ಹುಟ್ಟಿನಿಂದ ಬರುವ ಗುಣ) ಇದ್ದವರಿಗೆ ಇನ್ನೂ ಹೆಚ್ಚು ಎಚ್ಚರಿಕೆ ಬೇಕು, ಹಾಗಾಗಿ ಕೊನೆಯ ಮಾತು ತಂಡದ ವೈದ್ಯರದ್ದೇ.

ಟೆಕ್ಸಸ್, ಕ್ಯಾಲಿಫೋರ್ನಿಯಾಗಳಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರು ಮಗನನ್ನು ಯಾವ ಕಾಲೇಜಿಗೆ ಸೇರಿಸಬೇಕು ಅಂತ ನನ್ನನ್ನು ಕೇಳುತ್ತಿರುತ್ತಾರೆ. ಸ್ಟೇಡಿಯಂ, ಲಾಕರ್ ರೂಮ್ ತೋರಿಸುವಾಗ ಒಂದು ಪ್ರಶ್ನೆ ಕೇಳಿ: ಅಭ್ಯಾಸ ನಿಲ್ಲಿಸುವ ಅಧಿಕಾರ ಯಾರಿಗಿದೆ? ‘ಅಥ್ಲೆಟಿಕ್ ಟ್ರೈನರ್‌ಗೆ, ಕೋಚ್ ಅದನ್ನು ಮೀರುವಂತಿಲ್ಲ’ ಎಂದು ಕೋಚೇ ಥಟ್ಟನೆ ಹೇಳಬೇಕು. ತಡವರಿಸಿದರೆ ಇನ್ನೊಮ್ಮೆ ಯೋಚಿಸಿ. ಸೇರಿದ ಮೇಲೆ, ಮೂತ್ರ ಕೋಕ್ ಬಣ್ಣಕ್ಕೆ ತಿರುಗಿದರೆ ಬೆಳಗಾಗಲಿ ಅಂತ ಕಾಯದೆ ಎಮರ್ಜೆನ್ಸಿಗೆ ಹೋಗಬೇಕು ಎಂದು ಅವನಿಗೆ ಹೇಳಿಟ್ಟಿರಿ. ಸ್ಕಾಲರ್‌ಶಿಪ್ ಕೈತಪ್ಪೀತು ಎಂದು ಹೆದರಿ ಹುಡುಗ ನಿಮ್ಮಿಂದಲೂ ಮುಚ್ಚಿಟ್ಟಾನು. ಜನವರಿಯಲ್ಲಿ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳುವ ಜೊತೆಗೆ ಇದನ್ನೂ ಬಾಯಿಬಿಟ್ಟು ಕೇಳಿ.