ಮೆನಿಸ್ಕಸ್ ಹೊಲಿಗೆಯ ‘ಗಟ್ಟಿತನ’ ಎಂದರೇನು?

ಬಟ್ಟೆಯ ಹೊಲಿಗೆ ಗಟ್ಟಿಯಾಗಿದೆ ಎಂದರೆ ಎಳೆದರೂ ಬಿಡುವುದಿಲ್ಲ ಎಂದು ಅರ್ಥ. ಮಂಡಿಯೊಳಗಿನ ಮೆನಿಸ್ಕಸ್ ಎಂಬ ಮೆತ್ತೆ ಹರಿದಾಗ ಹಾಕುವ ಹೊಲಿಗೆಯ ಬಗ್ಗೆ ಇದೇ ಮಾತು ಬಂದರೆ, ಅದರ ಹಿಂದೆ ಮೂರು ಬೇರೆ ಬೇರೆ ಅಳತೆಗಳಿರುತ್ತವೆ. ಹೊಲಿಗೆ ಕೈಬಿಡುವ ಮುನ್ನ ತಡೆದುಕೊಂಡ ಗರಿಷ್ಠ ಎಳೆತ ಮೊದಲನೆಯದು. ಸಣ್ಣ ಎಳೆತವನ್ನೇ ನೂರಾರು ಸಲ ಕೊಟ್ಟಾಗ ಸೀಳು ಎಷ್ಟು ಬಾಯಿ ಬಿಡುತ್ತದೆ ಎಂಬುದು ಎರಡನೆಯದು. ಎಳೆತ ಏರಿದಂತೆ ಹೊಲಿಗೆ ಎಷ್ಟು ಜಗ್ಗುತ್ತದೆ, ಅಂದರೆ ಅದರ ಬಿಗಿತ, ಮೂರನೆಯದು. ಹೋಲಿಕೆಯ ಪಟ್ಟಿಗಳಲ್ಲಿ ಎದ್ದು ಕಾಣುವುದು ಮೊದಲ ಅಂಕಿ. ರೋಗಿಯ ಮಂಡಿಗೆ ಹತ್ತಿರವಾದದ್ದು ಎರಡನೆಯದು, ಏಕೆಂದರೆ ಹೊಲಿದ ಮಂಡಿ ಒಂದೇ ದೊಡ್ಡ ಎಳೆತಕ್ಕೆ ಕೆಡುವುದಕ್ಕಿಂತ ಸಾವಿರ ಸಣ್ಣ ಎಳೆತಗಳಿಗೆ ಸಡಿಲವಾಗುವುದೇ ಹೆಚ್ಚು.

ಯಾವ ಹೊಲಿಗೆ ಏಕೆ ಗಟ್ಟಿ ಎಂದು ತಿಳಿಯಬೇಕಾದರೆ ಮೊದಲು ಮೆನಿಸ್ಕಸ್ಸಿನ ನಾರಿನ ದಿಕ್ಕು ತಿಳಿದಿರಬೇಕು. ತೊಡೆಮೂಳೆಗೂ ಅದರ ಕೆಳಗಿನ ಟಿಬಿಯಾ ಮೂಳೆಗೂ ನಡುವೆ, ಪ್ರತಿ ಮಂಡಿಯಲ್ಲೂ ಎರಡರಂತೆ, ಅರ್ಧಚಂದ್ರಾಕಾರದ ಈ ಮೆತ್ತೆಗಳು ಕೂತಿರುತ್ತವೆ. ಹೊರ ಅಂಚು ದಪ್ಪ, ಒಳ ಅಂಚು ತೆಳು. ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರು. ಉಳಿದುದರಲ್ಲಿ ಬಹುಪಾಲು ಒಂದನೇ ಬಗೆಯ ಕೊಲಾಜನ್. ಮೆನಿಸ್ಕಸ್ಸಿನ ಎರಡು ತುದಿಗಳು ಟಿಬಿಯಾಗೆ ಅಂಟಿಕೊಂಡ ಜಾಗಗಳಿಗೆ ಬೇರು ಎನ್ನುತ್ತಾರೆ. ಈ ಕೊಲಾಜನ್ ನಾರುಗಳು ಮುಂದಿನ ಬೇರಿನಿಂದ ಹಿಂದಿನ ಬೇರಿನವರೆಗೆ, ಅರ್ಧಚಂದ್ರದ ಬಾಗನ್ನೇ ಹಿಡಿದು ಸುತ್ತಿ ಹೋಗುತ್ತವೆ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಮಾಡುವ ಕೆಲಸವನ್ನೇ ಇವು ಮಾಡುತ್ತವೆ: ಮೇಲಿನಿಂದ ಭಾರ ಬಿದ್ದು ಮೆನಿಸ್ಕಸ್ ಹೊರಗೆ ಜಾರಲು ನೋಡಿದಾಗ, ಸುತ್ತುನಾರುಗಳು ಬಿಗಿದು ತಡೆಯುತ್ತವೆ. ಒಳ ಅಂಚಿನಿಂದ ಹೊರ ಅಂಚಿಗೆ ಅಡ್ಡಲಾಗಿ ಸಾಗುವ ನಾರುಗಳೂ ಇವೆ. ಅವು ವಿರಳ, ಸುತ್ತುನಾರುಗಳನ್ನು ಒಟ್ಟಿಗೆ ಹಿಡಿದಿಡುವ ಕಟ್ಟುಗಳಷ್ಟೆ.

ಹುಲ್ಲಿನ ಹೊರೆಯನ್ನು ನೆನೆಯಿರಿ. ಹಗ್ಗವನ್ನು ಹೊರೆಯ ಸುತ್ತ ಬಳಸಿ ಎಳೆದರೆ ಇಡೀ ಹೊರೆ ಬರುತ್ತದೆ. ಅದೇ ಹಗ್ಗವನ್ನು ಹುಲ್ಲಿನ ಉದ್ದಕ್ಕೇ, ಎಳೆಗಳ ನಡುವೆ ತೂರಿಸಿ ಪಕ್ಕಕ್ಕೆ ಎಳೆದರೆ ಎಳೆಗಳು ಸರಿದು ದಾರಿ ಬಿಡುತ್ತವೆ. ಮೆನಿಸ್ಕಸ್ ಹೊಲಿಗೆಯ ಗಟ್ಟಿತನದ ಮುಕ್ಕಾಲು ಪಾಲು ವಿವರಣೆ ಇಷ್ಟರಲ್ಲೇ ಇದೆ.

ನಾರಿನ ಉದ್ದಕ್ಕೆ ಬಿಟ್ಟುಕೊಂಡ ಸೀಳಿಗೆ ಉದ್ದ ಸೀಳು ಎನ್ನೋಣ. ಅದು ದೊಡ್ಡದಾಗಿ ಒಳತುಂಡು ಕೀಲಿನ ನಡುವಿಗೆ ಮಗುಚಿಕೊಂಡರೆ ‘ಬಕೆಟ್ ಹ್ಯಾಂಡಲ್’. ಇಂಥ ಸೀಳಿಗೆ ಶಸ್ತ್ರವೈದ್ಯರು ‘ವರ್ಟಿಕಲ್ ಮ್ಯಾಟ್ರೆಸ್’ ಎನ್ನುವ ಲಂಬ ಹೊಲಿಗೆ ಹಾಕುವಾಗ, ಉದ್ದನೆಯ ಬಾಗುವ ಸೂಜಿಯೊಂದು ಸೀಳಿನಿಂದ 3–4 ಮಿ.ಮೀ. ಒಳಗಡೆ ಚುಚ್ಚಿ, ಸೀಳನ್ನು ದಾಟಿ, ಕೀಲಿನ ಹೊರಚೀಲವಾದ ಕ್ಯಾಪ್ಸೂಲ್‌ನ ಆಚೆ ಹೊರಡುತ್ತದೆ. ಅದೇ ದಾರದ ಇನ್ನೊಂದು ತುದಿಯ ಸೂಜಿ ಅದೇ ನೇರದಲ್ಲಿ, ಸೀಳಿನ ಹೊರಬದಿಯಲ್ಲಿ ಚುಚ್ಚುತ್ತದೆ. ಎರಡು ತುದಿಗಳನ್ನೂ ಕ್ಯಾಪ್ಸೂಲ್ ಮೇಲೆ ಸೇರಿಸಿ ಗಂಟು ಹಾಕುತ್ತಾರೆ. ದಾರದ ಕುಣಿಕೆ ಈಗ ಸುತ್ತುನಾರುಗಳ ಒಂದು ಕಟ್ಟನ್ನೇ ಅಪ್ಪಿ ಹಿಡಿದಿರುತ್ತದೆ. ‘ಹಾರಿಜಾಂಟಲ್ ಮ್ಯಾಟ್ರೆಸ್’ ಅಥವಾ ಅಡ್ಡ ಹೊಲಿಗೆಯಲ್ಲಿ ಎರಡು ಸೂಜಿಗಳೂ ಒಳತುಂಡಿನಲ್ಲೇ, 4–5 ಮಿ.ಮೀ. ಅಂತರದಲ್ಲಿ ಅಕ್ಕಪಕ್ಕ ಚುಚ್ಚುತ್ತವೆ. ಮೇಲ್ಮೈಯಲ್ಲಿ ಕಾಣುವ ದಾರ ಸೀಳಿಗೂ ನಾರಿಗೂ ಸಮಾಂತರವಾಗಿ ಮಲಗುತ್ತದೆ, ಎಳೆತ ಬಂದಾಗ ನಾರುಗಳ ನಡುವೆ ಇಳಿಯುತ್ತದೆ. ಹಾಕುವುದು ಸುಲಭ, ಹೆಚ್ಚು ಅಗಲವನ್ನು ಹಿಡಿಯುತ್ತದೆ. ಆದರೆ ಉದ್ದ ಸೀಳಿನ ಪ್ರಯೋಗಗಳಲ್ಲಿ ಲಂಬ ಹೊಲಿಗೆಗಿಂತ ಬೇಗ ಕೈಬಿಡುತ್ತದೆ. ಒಂದೇ ಲಂಬ ಹೊಲಿಗೆಯ ಗರಿಷ್ಠ ಎಳೆತ ಅನೇಕ ಪ್ರಯೋಗಗಳಲ್ಲಿ 100 ನ್ಯೂಟನ್ ಆಸುಪಾಸಿಗೆ, ಅಂದರೆ ಸುಮಾರು ಹತ್ತು ಕಿಲೋ ತೂಗುಬಿಟ್ಟಷ್ಟಕ್ಕೆ ಬರುತ್ತದೆ.

ಈ ಅಂಕಿ ಹುಟ್ಟುವ ಕ್ರಮವನ್ನು ನೋಡದೆ ಅದನ್ನು ನಂಬುವುದು ಸರಿಯಲ್ಲ. ಹಂದಿಯ, ದನದ ಅಥವಾ ಮೃತದಾನಿಯ ಮೆನಿಸ್ಕಸ್ಸನ್ನು ಶೈತ್ಯಪೆಟ್ಟಿಗೆಯಿಂದ ತೆಗೆದು ಕರಗಿಸಿ, ಉಪ್ಪುನೀರಿನಲ್ಲಿ ಒದ್ದೆಯಾಗಿಯೇ ಇಡುತ್ತಾರೆ. ಒಣಗಿದ ಅಂಗಾಂಶ ಬಿಗಿಯಾಗಿ ವರ್ತಿಸಿ ಅಳತೆಯನ್ನು ಕೆಡಿಸುತ್ತದೆ. ಹೊರ ಅಂಚಿನಿಂದ ಸುಮಾರು 3 ಮಿ.ಮೀ. ಒಳಗೆ, 2 ಸೆಂ.ಮೀ. ಉದ್ದದ ಸೀಳನ್ನು ಬ್ಲೇಡಿನಿಂದ ಮಾಡಿ ಹೊಲಿಯುತ್ತಾರೆ. ಹೊಲಿದ ಮೇಲೆ ಸೀಳನ್ನು ಎರಡೂ ತುದಿಗಳಿಗೆ ಪೂರ್ತಿ ಕೊಯ್ದುಬಿಡಬೇಕು. ಒಂದೆರಡು ಮಿ.ಮೀ. ಅಂಗಾಂಶ ಉಳಿದರೂ ಎಳೆತದ ಒಂದು ಪಾಲನ್ನು ಅದೇ ಹೊತ್ತು, ಆ ಶ್ರೇಯಸ್ಸು ಹೊಲಿಗೆಯ ಲೆಕ್ಕಕ್ಕೆ ಹೋಗುತ್ತದೆ. ನಂತರ ಎರಡು ತುಂಡುಗಳನ್ನೂ ಯಂತ್ರದ ಹಿಡಿಕೆಗಳಿಗೆ ಕಚ್ಚಿಸಿ, ದಾರದ ಸಡಿಲು ಹೋಗುವಷ್ಟು, 2ರಿಂದ 5 ನ್ಯೂಟನ್, ಮುಂಗಡ ಎಳೆತ ಕೊಡುತ್ತಾರೆ. ಅಲ್ಲಿಂದ 5 ಮತ್ತು 20 ನ್ಯೂಟನ್ ನಡುವೆ, ಸೆಕೆಂಡಿಗೆ ಒಂದರಂತೆ 500 ಆವರ್ತ: ಒಟ್ಟು 8 ನಿಮಿಷ 20 ಸೆಕೆಂಡು. ಹೊಲಿಗೆಯ ಎರಡೂ ಬದಿಗೆ ಹಾಕಿದ ಗುರುತುಚುಕ್ಕೆಗಳನ್ನು ಕ್ಯಾಮೆರಾ ಹಿಂಬಾಲಿಸಿ ಸೀಳಿನ ಬಾಯಿಯನ್ನು ಅಳೆಯುತ್ತದೆ. ಯಂತ್ರದ ತೋಳು ಸರಿದ ದೂರವನ್ನೇ ಸೀಳಿನ ಬಾಯಿ ಎಂದು ಎಣಿಸಿದರೆ, ಹಿಡಿಕೆಯೊಳಗೆ ಅಂಗಾಂಶ ಜಾರಿದ್ದೂ ಅದರಲ್ಲಿ ಸೇರಿಕೊಳ್ಳುತ್ತದೆ. ಕೊನೆಗೆ ಹೊಲಿಗೆ ಕೈಬಿಡುವವರೆಗೆ ಒಂದೇ ವೇಗದಲ್ಲಿ ಎಳೆಯುತ್ತಾರೆ.

ಎಳೆತ ಏರುವಾಗ ಹೊಲಿಗೆಯನ್ನೇ ದಿಟ್ಟಿಸಿದರೆ ಬಹಳ ಕಲಿಯಬಹುದು. ಮೊದಲು ದಾರದ ಕೆಳಗೆ ಮೇಲ್ಮೈ ಕುಳಿ ಬೀಳುತ್ತದೆ, ನೀರು ಹನಿಯಾಗಿ ಹೊರಬರುತ್ತದೆ. ಆಮೇಲೆ ಸೂಜಿ ಚುಚ್ಚಿದ ದುಂಡುತೂತು ಎಳೆತದ ಕಡೆಗೆ ಉದ್ದವಾಗಿ ಗೀರಾಗುತ್ತದೆ. ಗ್ರಾಫಿನಲ್ಲಿ ಈ ಹೊತ್ತಿಗೆ ನೇರವಾಗಿ ಏರುತ್ತಿದ್ದ ಗೆರೆ ಸಣ್ಣದೊಂದು ತಗ್ಗು ತೋರಿಸಿ ಮತ್ತೆ ಏರಿರಬಹುದು. ಗರಿಷ್ಠ ಅಂಕಿಗೆ ಆ ತಗ್ಗಿನ ಲೆಕ್ಕವಿಲ್ಲ, ಆದರೆ ಹೊಲಿಗೆ ಸೋಲತೊಡಗಿದ್ದು ಅಲ್ಲಿಯೇ.

ಆದ್ದರಿಂದ ಪಟ್ಟಿಯಲ್ಲಿ ‘ಹೇಗೆ ಸೋತಿತು’ ಎಂಬ ಕಾಲಮ್ ಇದೆಯೇ ಎಂದು ಮೊದಲು ನೋಡಬೇಕು. ದಾರ ಅಂಗಾಂಶವನ್ನು ಕೊಯ್ದುಕೊಂಡು ಬಂದರೆ, ಬಟ್ಟೆ ಹೊಲಿಗೆಯ ಪಕ್ಕದಲ್ಲಿ ಪಿಸಿದ ಹಾಗೆ, ತಪ್ಪು ದಾರದ್ದಲ್ಲ. ಹಿಡಿತ ಸಾಲದು ಅಥವಾ ದಿಕ್ಕು ಸರಿಯಿಲ್ಲ. ಅಲ್ಲಿ ಇನ್ನೂ ಗಟ್ಟಿ ದಾರ ಹಾಕಿದರೆ ಉಪಯೋಗವಿಲ್ಲ. ದಾರವೇ ತುಂಡಾದರೆ, ಅದೂ ಸಾಮಾನ್ಯವಾಗಿ ಗಂಟಿನ ಬುಡದಲ್ಲಿ, ಅಂಗಾಂಶದ ಹಿಡಿತ ಚೆನ್ನಾಗಿತ್ತೆಂದು ಅರ್ಥ. ಗಂಟು ಜಾರುವುದು ಮೂರನೆಯ ಬಗೆ. ಅತಿ ಗಟ್ಟಿಯಾದ ಪಾಲಿಎಥಿಲೀನ್ ದಾರಗಳು ನುಣುಪಾಗಿರುವುದರಿಂದ, ಸುತ್ತುಗಳನ್ನು ದಿಕ್ಕು ಬದಲಿಸಿ ಬದಲಿಸಿ ಹಾಕದಿದ್ದರೆ ಗಂಟು ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಹೊರಗೆ ಗಂಟು ಹಾಕುವ ಬದಲು ಕ್ಯಾಪ್ಸೂಲ್‌ಗೆ ಕಚ್ಚಿಕೊಳ್ಳುವ ಸಾಧನ ಬಳಸಿದ್ದರೆ, ಅದರ ಕಚ್ಚು ಕಿತ್ತು ಬರುವುದು ನಾಲ್ಕನೆಯದು.

ದಾರದ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಮೆನಿಸ್ಕಸ್‌ಗೆ ಹೆಚ್ಚಾಗಿ ಬಳಸುವ 2-0 ದಾರದ ವ್ಯಾಸ ಸುಮಾರು 0.3 ಮಿ.ಮೀ., 0 ಅಳತೆಯದು 0.35ರಿಂದ 0.4. ಒಂದೇ ಎಳೆತಕ್ಕೆ ತೆಳುದಾರ ಚಾಕುವಿನ ಅಲಗಿನಂತೆ ಕೊಯ್ಯುತ್ತದೆ, ದಪ್ಪದಾರ ಒತ್ತಡವನ್ನು ಹಂಚುತ್ತದೆ. ಆದರೆ ದಪ್ಪ ಹೆಚ್ಚಿದರೆ ಸೂಜಿಯ ತೂತೂ ಗಂಟೂ ದೊಡ್ಡದಾಗುತ್ತವೆ, ಕೀಲಿನೊಳಗೆ ಉಳಿದ ಗಂಟು ತೊಡೆಮೂಳೆಯ ನುಣುಪು ಹೊದಿಕೆಯನ್ನು ಉಜ್ಜುತ್ತದೆ.

ದಿಕ್ಕಿನ ಮಾತು ನಿಜವಾಗಿ ಪರೀಕ್ಷೆಗೆ ಬೀಳುವುದು ರೇಡಿಯಲ್ ಸೀಳಿನಲ್ಲಿ. ಒಳ ಅಂಚಿನಿಂದ ಹೊರಕ್ಕೆ ಸಾಗುವ ಈ ಸೀಳು ಸುತ್ತುನಾರುಗಳನ್ನೇ ಕಡಿದಿರುತ್ತದೆ. ಸೀಳಿಗೆ ಅಡ್ಡಲಾಗಿ ಸುಮ್ಮನೆ ಹೊಲಿದರೆ ದಾರ ನಾರಿನ ಉದ್ದಕ್ಕೇ ಓಡುತ್ತದೆ, ಎಳೆತವೂ ಅದೇ ಉದ್ದಕ್ಕೆ. ಬಾಚಣಿಗೆ ಕೂದಲಿನಲ್ಲಿ ಇಳಿದಷ್ಟು ಸಲೀಸಾಗಿ ದಾರ ಜಾರಿ ಬರುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾದದ್ದು, ಸೊಗಸಾದದ್ದು: ಸೀಳಿನ ಎರಡೂ ಬದಿಗೆ, ಸೀಳಿಗೆ ಸಮಾಂತರವಾಗಿ, ನಾರುಕಟ್ಟನ್ನು ಅಪ್ಪುವ ಒಂದೊಂದು ಲಂಬ ಹೊಲಿಗೆ ಮೊದಲು ಹಾಕುವುದು, ಸೀಳನ್ನು ದಾಟುವ ಅಡ್ಡ ಹೊಲಿಗೆಗಳನ್ನು ಆ ಕುಣಿಕೆಗಳ ಆಚೆಯಿಂದ ತರುವುದು. ಅಡ್ಡದಾರ ಜಾರಲು ಹೊರಟರೆ ಲಂಬ ಕುಣಿಕೆ ಗೂಟದಂತೆ ತಡೆಯುತ್ತದೆ. ಎರಡು ಲಂಬ, ಎರಡು ಅಡ್ಡ ಸೇರಿ ಮೇಲಿನಿಂದ ನೋಡಿದರೆ ಹ್ಯಾಶ್ ಗುರುತಿನಂತೆ ಕಾಣುವುದರಿಂದ ಅದಕ್ಕೆ ಆ ಹೆಸರೇ ಬಂದಿದೆ. ಸರಳ ಅಡ್ಡ ಹೊಲಿಗೆಗಿಂತ ಇಂಥ ಜೋಡಣೆಗಳು ಪ್ರಯೋಗದಲ್ಲಿ ಹೆಚ್ಚು ಎಳೆತ ತಡೆಯುತ್ತವೆ, ಕಡಿಮೆ ಬಾಯಿ ಬಿಡುತ್ತವೆ.

ಮೆನಿಸ್ಕಸ್ಸಿನ ಬೇರೇ ಕಿತ್ತುಬಂದಾಗ ಟಿಬಿಯಾದಲ್ಲಿ ಸುರಂಗ ಕೊರೆದು, ದಾರವನ್ನು ಅದರೊಳಗೆ ಇಳಿಸಿ, ಮೂಳೆಯ ಮುಂಭಾಗದಲ್ಲಿ ಅಂಗಿಯ ಗುಂಡಿಯಂಥ ಸಣ್ಣ ಬಿಲ್ಲೆಗೆ ಕಟ್ಟುತ್ತಾರೆ. ಇಲ್ಲಿ ದಾರ ಹಲವು ಸೆಂ.ಮೀ. ಉದ್ದವಿರುವುದರಿಂದ ಅದರ ಜಗ್ಗುವಿಕೆಯೂ ಸೇರಿಕೊಳ್ಳುತ್ತದೆ. ಬೇರು ತನ್ನ ಜಾಗದಿಂದ 3 ಮಿ.ಮೀ. ಸರಿದರೂ ಸುತ್ತುನಾರುಗಳ ಬಿಗಿ ಗಣನೀಯವಾಗಿ ಇಳಿಯುತ್ತದೆ. ದಾರ ತುಂಡಾಗದೆ, ಗಂಟು ಬಿಚ್ಚದೆ ದುರಸ್ತಿ ವ್ಯರ್ಥವಾಗುವುದು ಹೀಗೆ.

ಕೀಲಿನೊಳಗಿನಿಂದಲೇ ಮುಗಿಸುವ ‘ಆಲ್-ಇನ್‌ಸೈಡ್’ ಸಾಧನಗಳ ಹಳೆಯ ಪೀಳಿಗೆಯೊಂದು, ಕರಗುವ ಪ್ಲಾಸ್ಟಿಕ್ಕಿನ ಮುಳ್ಳುಬಾಣಗಳು, ಲಂಬ ಹೊಲಿಗೆಯ ಮುಂದೆ ನಿಲ್ಲಲಿಲ್ಲ. ತಲೆಭಾಗ ಮೂಳೆಯ ಹೊದಿಕೆಯನ್ನು ಗೀರುತ್ತಿತ್ತು. ದಾರ ಮತ್ತು ಜಾರುಗಂಟಿನ ಇಂದಿನ ಸಾಧನಗಳನ್ನು ಲಂಬವಾಗಿ ಹಾಕಿದರೆ, ಪ್ರಯೋಗಾಲಯದಲ್ಲಿ ಒಳಗಿನಿಂದ ಹೊರಗೆ ಹಾಕುವ ಹೊಲಿಗೆಗೆ ಹತ್ತಿರ ಬರುತ್ತವೆ. ಆಯ್ಕೆಯಲ್ಲಿ ಬಲವೊಂದೇ ಮಾತಾಡುವುದಿಲ್ಲ. ಹೊರಗೆ ಗಂಟು ಹಾಕಲು ಇನ್ನೊಂದು ಕೊಯ್ತ ಬೇಕು, ಒಳಬದಿಯಲ್ಲಿ ಸಫೀನಸ್ ನರವನ್ನೂ ಹೊರಬದಿಯಲ್ಲಿ ಪೆರೋನಿಯಲ್ ನರವನ್ನೂ ಸರಿಸಿ ಕಾಯಬೇಕು. ಆಲ್-ಇನ್‌ಸೈಡ್ ಸೂಜಿಗೆ ಆಳದ ಮಿತಿ ತಪ್ಪಿದರೆ ಹಿಂದೆಯೇ ಪಾಪ್ಲಿಟಿಯಲ್ ಅಪಧಮನಿ ಇದೆ.

ಸೋಲಿಗೆ ಕೈಯ ಕಾರಣಗಳೂ ಇವೆ. ಎಲ್ಲ ಹೊಲಿಗೆಗಳನ್ನೂ ಮೇಲ್ಮೈಯಲ್ಲೇ ಹಾಕಿದರೆ ಸೀಳು ಮೇಲೆ ಮುಚ್ಚಿ ಕೆಳಗೆ ತೆರೆದಿರುತ್ತದೆ. ಮೇಲೊಂದು ಕೆಳಗೊಂದು, 3–5 ಮಿ.ಮೀ. ಅಂತರದಲ್ಲಿ ಹಾಕಬೇಕು. ಅತಿಯಾಗಿ ಬಿಗಿದರೆ ಅಂಚು ಸುಕ್ಕುಗಟ್ಟುತ್ತದೆ, ದಾರ ಮೊದಲ ದಿನವೇ ಅರ್ಧ ಕೊಯ್ದಿರುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಹೊಲಿದ ಕ್ಷಣದ ಬಲ. ಹೊರ ಅಂಚಿನ 10–30 ಶೇಕಡಾ ಅಗಲಕ್ಕೆ ಮಾತ್ರ ರಕ್ತನಾಳಗಳಿವೆ. ಅಲ್ಲಿ ಅಂಗಾಂಶ ಕೂಡಿಕೊಳ್ಳುತ್ತ ಬಂದಂತೆ ಹೊಲಿಗೆಯ ಹೊರೆ ಇಳಿಯುತ್ತದೆ. ಅಲ್ಲಿಯವರೆಗೆ ಹೊಲಿಗೆಯನ್ನು ಹೇಗೆ ಕಾಯಬೇಕೆಂಬುದು ಸೀಳಿನ ದಿಕ್ಕಿನ ಮೇಲೆಯೇ ನಿಂತಿದೆ. ಉದ್ದ ಸೀಳಿರುವ ಮಂಡಿಯನ್ನು ನೇರವಾಗಿಟ್ಟು ಭಾರ ಹಾಕಿದರೆ ಎರಡು ಅಂಚುಗಳೂ ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ಹಾಗಾಗಿ ಮಂಡಿಗೆ ಆಧಾರಪಟ್ಟಿ ಬಿಗಿದು ನಡೆಯಲು ಬೇಗ ಬಿಡುತ್ತಾರೆ. ಆಳವಾಗಿ ಮಡಚುವುದಕ್ಕೆ ಮಾತ್ರ 4–6 ವಾರ 90 ಡಿಗ್ರಿಯ ಮಿತಿ ಹಾಕುತ್ತಾರೆ. ರೇಡಿಯಲ್ ಸೀಳಿಗೂ ಬೇರಿನ ದುರಸ್ತಿಗೂ ಸುಮಾರು 6 ವಾರ ಕಾಲೂರಬಾರದು ಎನ್ನುತ್ತಾರೆ: ಅಲ್ಲಿ ಪ್ರತಿ ಹೆಜ್ಜೆಯ ಭಾರವೂ ಸುತ್ತುನಾರುಗಳನ್ನು ಬಿಗಿದು, ಹೊಲಿಗೆ ಬಾಯಿ ಬಿಡುವ ದಿಕ್ಕಿಗೇ ಎಳೆಯುತ್ತದೆ.