ಪದ ಪರಿಚಯ: ಬಾಂಬ್ ಸುರಿಮಳೆ

‘ನಗರದ ಮೇಲೆ ಬಾಂಬ್ ಸುರಿಮಳೆ.’ ಎಲ್ಲಿ ಯುದ್ಧವಾದರೂ ನಮ್ಮ ಪತ್ರಿಕೆಗಳಿಗೆ ಈ ತಲೆಬರಹ ಸಿದ್ಧ. ನಾನು ಮಂಡ್ಯ ಕಡೆಯವನು. ಅಲ್ಲಿ ಮಳೆ ಅಂದರೆ ಕಾದು ಕೂತು ಕರೆಯುವಂಥದ್ದು. ಅದಕ್ಕೇ ಇರಬೇಕು, ಈ ಮಾತು ಕಿವಿಗೆ ಒಗ್ಗುವುದಿಲ್ಲ. ಮಳೆ ತಾನಾಗಿಯೇ ಸುರಿಯುತ್ತದೆ. ಬಾಂಬನ್ನು ಯಾರೋ ಸುರಿಸಬೇಕು. ಅದಕ್ಕೂ ಮೊದಲು ಯಾರೋ ನಕ್ಷೆಯ ಮೇಲೆ ಗೆರೆ ಎಳೆದಿರಬೇಕು.

ಸೇನೆಯವರು ಇದಕ್ಕೆ ಏರಿಯಾ ಬಾಂಬಿಂಗ್ ಅನ್ನುತ್ತಾರೆ. ಕಾರ್ಪೆಟ್ ಬಾಂಬಿಂಗ್ ಅನ್ನುವುದೂ ಹೆಚ್ಚುಕಡಿಮೆ ಇದನ್ನೇ: ಜಮಖಾನ ಹಾಸಿದ ಹಾಗೆ ಮೂಲೆಯನ್ನೂ ಬಿಡದೆ ಬಾಂಬು ಹಾಕುವುದು. ಸೇತುವೆಗೆ ಗುರಿಯಿಟ್ಟದ್ದು ತಪ್ಪಿ ಪಕ್ಕದ ಮನೆಗೆ ಬಿದ್ದರೆ ಅದಕ್ಕೆ ಈ ಹೆಸರಿಲ್ಲ. ಊರನ್ನೇ ಗುರಿ ಅಂತ ಎಣಿಸಿದಾಗ ಮಾತ್ರ ಈ ಹೆಸರು.

ಎರಡನೇ ಮಹಾಯುದ್ಧದ ಹೊತ್ತು, 1941ರಲ್ಲಿ, ಬ್ರಿಟನ್‌ನವರು ತಮ್ಮ ವಿಮಾನಗಳು ರಾತ್ರಿ ತೆಗೆದ ಫೋಟೋಗಳನ್ನು ಕೂತು ನೋಡಿದರು. ‘ಗುರಿಗೇ ಹಾಕಿದೆವು’ ಅಂದ ವಿಮಾನಗಳಲ್ಲಿ ಮೂರಕ್ಕೆ ಒಂದು ಮಾತ್ರ ಗುರಿಯಿಂದ ಐದು ಮೈಲಿಯೊಳಗೆ ಹೋಗಿತ್ತು. ಐದು ಮೈಲಿ ಅಂದರೆ 8 ಕಿಲೋಮೀಟರ್. ಮೈಸೂರು ರೈಲ್ವೆ ಸ್ಟೇಷನ್ನಿಗೆ ಗುರಿಯಿಟ್ಟರು ಅಂದುಕೊಳ್ಳಿ. ಅರಮನೆ, ದೇವರಾಜ ಮಾರುಕಟ್ಟೆ, ಕೆ.ಆರ್. ಆಸ್ಪತ್ರೆ, ಕುವೆಂಪುನಗರ, ಚಾಮುಂಡಿ ಬೆಟ್ಟ, ಎಲ್ಲ ಆ ಸುತ್ತಿನೊಳಗೇ ಬಂತು. ಅಲ್ಲೆಲ್ಲಿ ಬಿದ್ದರೂ ‘ಹತ್ತಿರ ಬಿತ್ತು’ ಅಂತಲೇ ಲೆಕ್ಕ!

ಗುರಿ ಹಿಡಿಯಲು ಆಗದಿದ್ದರೆ ಏನು ಮಾಡುತ್ತಾರೆ? ಗುರಿಯನ್ನೇ ದೊಡ್ಡದು ಮಾಡುತ್ತಾರೆ. 1942ರ ಫೆಬ್ರವರಿ 14ರಂದು ಬ್ರಿಟನ್ ವಾಯುಪಡೆಗೆ ಆದೇಶ ಬಂತು: ಶತ್ರುದೇಶದ ಜನರ, ಅದರಲ್ಲೂ ಕಾರ್ಖಾನೆ ಕೆಲಸಗಾರರ ಮನೋಬಲ ಮುರಿಯಿರಿ. ಲಂಡನ್, ಕೊವೆಂಟ್ರಿಗಳ ಮೇಲೆ ಜರ್ಮನಿ ಅಷ್ಟು ಹೊತ್ತಿಗಾಗಲೇ ಬಾಂಬು ಹಾಕಿತ್ತು ಅನ್ನುವುದನ್ನೂ ಹೇಳಲೇಬೇಕು. 1943ರ ಜುಲೈನಲ್ಲಿ ಬ್ರಿಟನ್ ದಾಳಿಗೆ ಜರ್ಮನಿಯ ಹ್ಯಾಂಬರ್ಗ್ ಉರಿಯಿತು, ಸುಮಾರು 40,000 ಜನ ಸತ್ತರು. 1945ರ ಮಾರ್ಚ್‌ನಲ್ಲಿ ಅಮೆರಿಕ ಟೋಕಿಯೋದ ಮರದ ಮನೆಗಳ ಮೇಲೆ ಬೆಂಕಿ ಬಾಂಬು ಹಾಕಿತು. ಒಂದೇ ರಾತ್ರಿ, ಸುಮಾರು ಒಂದು ಲಕ್ಷ ಜನ.

ಮನೋಬಲ ಮುರಿಯಿತಾ? ಲಂಡನ್ ಶರಣಾಗಲಿಲ್ಲ. ಜರ್ಮನಿಯ ಶಸ್ತ್ರ ತಯಾರಿಕೆ 1944ರ ಮಧ್ಯದವರೆಗೂ ಏರುತ್ತಲೇ ಇತ್ತು. ದಾಳಿಯಿಂದಾಗಿ ಜರ್ಮನಿ ತನ್ನ ಫಿರಂಗಿ, ವಿಮಾನಗಳನ್ನು ಊರು ಕಾಯಲು ಇಟ್ಟುಕೊಳ್ಳಬೇಕಾಯಿತು ಅನ್ನುವವರೂ ಇದ್ದಾರೆ. ಅದು ಸುಳ್ಳಲ್ಲ. ಆದರೆ ಆದೇಶದಲ್ಲಿ ಹೇಳಿದ್ದು ಅದನ್ನಲ್ಲ, ಅಲ್ವಾ? ಯುದ್ಧ ನಡೆಯುತ್ತಿರುವಾಗಲೇ, 1944ರಲ್ಲಿ, ಬಿಷಪ್ ಜಾರ್ಜ್ ಬೆಲ್ ಬ್ರಿಟನ್ ಸಂಸತ್ತಿನಲ್ಲಿ ಎದ್ದು ನಿಂತು ಇದು ತಪ್ಪು ಅಂದರು.

ಊರಿಗೆ ಬೆಂಕಿ ಹಚ್ಚುವ ಈ ಕೆಲಸ ವಿಮಾನಕ್ಕಿಂತ ಹಳೆಯದು, ಅದರಲ್ಲಿ ನಮ್ಮ ಕಡೆಯದೊಂದು ಎಳೆಯೂ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ಅವುಗಳಿಂದ ಕಲಿತು ಅಲ್ಲಿನ ವಿಲಿಯಂ ಕಾಂಗ್ರೀವ್ ಹೊಸ ರಾಕೆಟ್ ಮಾಡಿದ. 1807ರ ಸೆಪ್ಟೆಂಬರಿನಲ್ಲಿ ಬ್ರಿಟಿಷರ ಫಿರಂಗಿ ಗುಂಡುಗಳ ಜೊತೆ ಅವೂ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ಮೇಲೆ ಬಿದ್ದವು. ಡೆನ್ಮಾರ್ಕ್ ಆಗ ಯಾರ ಪಕ್ಷವನ್ನೂ ಹಿಡಿದಿರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಇದ್ದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಆ ದಂಡಯಾತ್ರೆಯಲ್ಲೂ ಇದ್ದ.

ಯುದ್ಧದ ನಿಯಮಗಳನ್ನು ಹೇಳುವ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಹೆಚ್ಚುವರಿ ಒಪ್ಪಂದ ಏರಿಯಾ ಬಾಂಬಿಂಗ್ ಕೂಡದು ಅನ್ನುತ್ತದೆ. ಮೈಸೂರಿನ ಮಾತಲ್ಲೇ ಹೇಳುವುದಾದರೆ: ಯುದ್ಧದಲ್ಲಿ ರೈಲ್ವೆ ಸ್ಟೇಷನ್ ಒಂದು ಗುರಿ, ಅಶೋಕಪುರಂ ವರ್ಕ್‌ಶಾಪ್ ಇನ್ನೊಂದು ಗುರಿ ಅಂತಿಟ್ಟುಕೊಳ್ಳಿ. ಎರಡನ್ನೂ ಸೇರಿಸಿ ಒಂದೇ ಸುತ್ತು ಹಾಕಿ, ನಡುವಿನ ಚಾಮರಾಜಪುರಂ ಮನೆಗಳನ್ನೂ ಅದರೊಳಗೆ ಎಳೆದುಕೊಳ್ಳುವ ಹಾಗಿಲ್ಲ. ಈ ಹೆಚ್ಚುವರಿ ಒಪ್ಪಂದಕ್ಕೆ ಭಾರತ ಸೇರಿಲ್ಲ. ಅಮೆರಿಕ ಸಹಿ ಹಾಕಿ, ಅನುಮೋದಿಸದೆ ಸುಮ್ಮನಾಗಿದೆ.

ಈಗೀಗ ಜಾಸ್ತಿ ಕೇಳುವ ಸಮಜಾಯಿಷಿ ಒಂದಿದೆ: ‘ಊರು ಬಿಟ್ಟು ಹೋಗಿ ಅಂತ ಮೊದಲೇ ಹೇಳಿದ್ದೆವಲ್ಲ?’ ಎಚ್ಚರಿಕೆ ಕೊಡುವುದು ಸರಿಯೇ. ಆದರೆ ಹೋಗದೆ ಉಳಿದವರು ಅಷ್ಟಕ್ಕೇ ಸೈನಿಕರಾಗಿಬಿಡುವುದಿಲ್ಲ. ಮಂಡಿ ನೋವಿಗೆ ಮಹಡಿ ಮೆಟ್ಟಿಲನ್ನೇ ಇಳಿಯದ ನಮ್ಮಮ್ಮ ಯಾವ ಊರಿಗೆ ನಡೆಯುತ್ತಾರೆ?